ಬೆರೆಯುವುದೂ ಕೂಡುವುದೂ

ಹೆಣ್ಣುಮಕ್ಕಳಿಗೆ ರಸಾಯನಶಾಸ್ತ್ರವೇತಕ್ಕೆ ಎಂದು ಕೇಳುವ ಪೋಷಕರು ಈಗಲೂ ಇದ್ದಾರೆ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಪಾಠವನ್ನು ಹೇಳಿಕೊಟ್ಟವಳಾದ ನಾನು ಅವರಿಗೆ ಕೊಡುವ ಉತ್ತರವು ಅಡುಗೆಮನೆಯ ಉಪ್ಪಿನಲ್ಲಿಯೇ ಅಡಗಿರುತ್ತದೆ.

ಮೊದಲು ಒಂದು ಭೇದವನ್ನು ಅರಿಯತಕ್ಕದ್ದು. ಬೆರೆಯುವುದು ಬೇರೆ, ಕೂಡುವುದು ಬೇರೆ. ಕಬ್ಬಿಣದ ಪುಡಿ 7 ಭಾಗವನ್ನೂ ಗಂಧಕದ ಪುಡಿ 4 ಭಾಗವನ್ನೂ ತೂಗಿ ಕಲಸಿದರೆ ಅದು ಕೇವಲ ಮಿಶ್ರಣ. ಅಯಸ್ಕಾಂತವನ್ನು ಹಿಡಿದೊಡನೆ ಕಬ್ಬಿಣವು ಗಂಧಕವನ್ನು ತೊರೆದು ಅದಕ್ಕೆ ಅಂಟಿಕೊಳ್ಳುವುದು. ಅದೇ ಪುಡಿಯನ್ನು ಪ್ರಣಾಳದಲ್ಲಿಟ್ಟು ಕಾಯಿಸಿದರೆ ಒಂದು ಕೆಂಡವು ಹುಟ್ಟಿ, ದೀಪವನ್ನು ತೆಗೆದ ಮೇಲೆಯೂ ತಾನಾಗಿಯೇ ಹರಡುವುದು. ಆರಿದ ಬಳಿಕ ಉಳಿಯುವ ಕಪ್ಪು ಗಟ್ಟಿಯಲ್ಲಿ ಗಂಧಕದ ಹಳದಿಯೂ ಕಾಣದು, ಕಬ್ಬಿಣದ ಗುಣವೂ ಕಾಣದು. ಇದು ಸಂಯುಕ್ತವಸ್ತು.

ಉಪ್ಪು ಸಹ ಇಂಥದೇ. 1807ರಲ್ಲಿ ಹಂಫ್ರಿ ಡೇವಿಯು ಪ್ರತ್ಯೇಕಿಸಿದ ಸೋಡಿಯಂ, ನೀರಿಗೆ ಬಿದ್ದರೆ ಉರಿದು ಸಿಡಿಯುವ ಲೋಹ. 1774ರಲ್ಲಿ ಷೀಲೆಯು ತಯಾರಿಸಿದ ಕ್ಲೋರೀನ್, ಉಸಿರನ್ನು ಕಟ್ಟಿಸುವ ವಿಷಾನಿಲ. 1915ರಲ್ಲಿ ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಸೈನಿಕರನ್ನು ಕೊಂದದ್ದು ಇದೇ. 23 ಗ್ರಾಂ ಸೋಡಿಯಂ 35.5 ಗ್ರಾಂ ಕ್ಲೋರೀನಿನೊಡನೆ ಕೂಡಿದರೆ 58.5 ಗ್ರಾಂ ಉಪ್ಪಾಗುವುದು. ಸೋಡಿಯಂ ಒಂದು ಗ್ರಾಂ ಹೆಚ್ಚಿದ್ದರೆ ಆ ಹೆಚ್ಚಿನದು ಕೂಡದೆ ಹಾಗೆಯೇ ಉಳಿಯುವುದು.

ಈ ಪಾಠವಾದ ಒಂದು ದಿನ ಬಾಲಿಕೆಯೊಬ್ಬಳು ಎದ್ದುನಿಂತು, "ಅಮ್ಮಾ, ಹಾಗಾದರೆ ವಿಷವೆಲ್ಲಿ ಹೋಯಿತು?" ಎಂದಳು. ಸೂತ್ರವನ್ನು ತಪ್ಪಿಲ್ಲದೆ ಒಪ್ಪಿಸಿದ ಹತ್ತು ಮಂದಿಗಿಂತ ಈ ಒಬ್ಬಳು ನನಗೆ ಹೆಚ್ಚು ಸಂತೋಷವನ್ನುಂಟುಮಾಡಿದಳು. ಸೋಡಿಯಂ ಪರಮಾಣುವಿನ ಹೊರಸುತ್ತಿನಲ್ಲಿ ಇರುವುದು ಒಂದೇ ಎಲೆಕ್ಟ್ರಾನ್. ಕ್ಲೋರೀನಿನ ಹೊರಸುತ್ತಿಗೆ ಒಂದರ ಕೊರತೆ. ಅದು ಕೊಡುತ್ತದೆ, ಇದು ಪಡೆಯುತ್ತದೆ; ಎರಡರ ಉಗ್ರತೆಯೂ ಶಮನವಾಗುತ್ತದೆ. ಆದರೆ ಮೂಲವಸ್ತುಗಳು ನಾಶವಾಗಲಿಲ್ಲ. ಉಪ್ಪನ್ನು ಕಾಸಿ ದ್ರವಮಾಡಿ ವಿದ್ಯುತ್ತನ್ನು ಹರಿಸಿದರೆ ಆ ಲೋಹವೂ ಆ ಅನಿಲವೂ ಮರಳಿ ಬರುವುವು.

ಆ ಬಾಲಿಕೆ ಈಗ ಗೃಹಿಣಿ. ಕಳೆದ ವರ್ಷ ನನ್ನನ್ನು ಕಾಣಲು ಬಂದವಳು ಒಂದು ಸಂಗತಿಯನ್ನು ಹೇಳಿದಳು. ಅವಳ ಅತ್ತೆಯವರು ಬಚ್ಚಲಿಗೆ ಬ್ಲೀಚಿಂಗ್ ಪುಡಿಯನ್ನು ಚೆಲ್ಲಿ, ಅದರ ಮೇಲೆಯೇ ಆಸಿಡ್ ಸುರಿಯಲು ಸೀಸೆಯನ್ನೆತ್ತಿದ್ದರಂತೆ. ಎರಡೂ ಸೇರಿದರೆ ಕೊಳೆ ಬೇಗ ಹೋದೀತೆಂದು ಅವರ ಎಣಿಕೆ. ಇವಳು ಓಡಿಹೋಗಿ ಕೈಹಿಡಿದಳು. ಅವೆರಡೂ ಸೇರಿದರೆ ಹೊರಡುವುದು ಕ್ಲೋರೀನೇ. ಗಾಳಿಯಾಡದ ಕೋಣೆಯಲ್ಲಿ ಅದು ಪ್ರಾಣಕ್ಕೆ ಕುತ್ತು. "ವಿಷವೆಲ್ಲಿ ಹೋಯಿತೆಂದು ಅಂದು ಕೇಳಿದ್ದೆನಲ್ಲ ಅಮ್ಮಾ, ನಮ್ಮ ಬಚ್ಚಲಿಗೇ ಬಂದಿತ್ತು" ಎಂದು ಅವಳು ನಕ್ಕಳು. ನನಗೆ ನಗಲಾಗಲಿಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ಪರೀಕ್ಷೆ ಮುಗಿದ ಮೇಲೆ ಸೂತ್ರಗಳು ಮರೆತುಹೋಗಬಹುದು. ಎರಡು ವಸ್ತುಗಳು ಸೇರಿದಾಗ ಅವೆರಡೂ ಅಲ್ಲದ ಮೂರನೆಯದೊಂದು ಹುಟ್ಟಬಹುದೆಂಬುದನ್ನು ಮಾತ್ರ ಮರೆಯಬೇಡಿರಿ. ಸೇರಿಸುವ ಮುನ್ನ ಏನು ಹುಟ್ಟೀತೆಂದು ಕೇಳಿರಿ, ಕೇಳಲು ನಾಚಬೇಡಿರಿ.