ಅವ್ವ ಕೂತಳು, ಐಸ್ ಮೇಕರ್ ಕೂಗಿತು

ಹೋದ ವರ್ಷದ ಬಸವ ಜಯಂತಿಗೆ ಕಲಬುರಗಿಯ ನಮ್ಮ ಮನೆಯಲ್ಲಿ 18 ಜನ ಸೇರಿದ್ದರು. ಹೊರಗೆ 42 ಡಿಗ್ರಿ ಬಿಸಿಲು. ಕೂಲರ್ ಮುಂದೆ ಕಾಕಾಗಳ ಹರಟೆ, ಮಕ್ಕಳ ಗದ್ದಲ. ಅಡುಗೆಮನೆಯಿಂದ ಮಾತ್ರ ಆಗಾಗ ಟಕ್ ಟಕ್ ಅಂತ ಸದ್ದು. ಅವ್ವ ಐಸ್ ಟ್ರೇ ಕಟ್ಟೆಗೆ ಬಡಿದು ಐಸ್ ಬಿಡಿಸುತ್ತಿದ್ದಳು. ಇದ್ದದ್ದು ಎರಡೇ ಟ್ರೇ. ಒಬ್ಬರಿಗೆ ಮಜ್ಜಿಗೆ ಕೊಟ್ಟು ಬರುವಷ್ಟರಲ್ಲಿ ಇನ್ನೊಬ್ಬರಿಗೆ ಪಾನಕ. ಮಧ್ಯೆ ನಾನೂ ಕೂತಲ್ಲಿಂದಲೇ ಎರಡು ಸಲ, "ಅವ್ವಾ, ಐಸ್ ಇಲ್ಲೇನು?" ಅಂತ ಕೂಗಿದ್ದೆ.

ದೊಡ್ಡಪ್ಪ ತೀರಿಕೊಂಡ ಮೇಲೆ ಮೊದಲ ಸಲ ಬೀದರಿನಿಂದ ದೊಡ್ಡವ್ವ ಬಂದಿದ್ದಳು. ಸಂಜೆ ಅವಳನ್ನು ಬಸ್ ಹತ್ತಿಸಿ ಬಂದ ಅವ್ವ ಕಟ್ಟೆ ಮೇಲೆ ಕೂತು, "ಅಕ್ಕನ ಕೂಡ ಎರಡು ಮಾತು ಸಮಾಧಾನದಿಂದ ಆಡ್ಲಿಕ್ಕೂ ಆಗ್ಲಿಲ್ಲ ನೋಡಪಾ" ಅಂದಳು. ನನ್ನ ಮೇಲೆ ದೂರು ಹೇಳಿದ್ದಲ್ಲ. ಆದರೆ ಆ ಮಾತು ಬೆಂಗಳೂರಿನವರೆಗೂ ನನ್ನ ಜೊತೆ ಬಂತು.

ಈ ವರ್ಷ ದೊಡ್ಡವ್ವ ಮತ್ತೆ ಬರುತ್ತಾಳೆ ಅಂತ ಗೊತ್ತಾದಾಗ ನಾನು ಮಾಡಿದ್ದು ಎಂಜಿನಿಯರ್‌ಗಳು ಮಾಡುವ ಕೆಲಸವನ್ನೇ. ಸಮಸ್ಯೆಗೆ ಒಂದು ಮಷೀನ್ ಹುಡುಕಿದೆ. ಕಟ್ಟೆ ಮೇಲಿಡುವ ಸಣ್ಣ ಐಸ್ ಮೇಕರ್, ಬೆಲೆ 10,000 ರೂಪಾಯಿಯ ಆಸುಪಾಸು. ಮೊದಲು ಲೆಕ್ಕ ಹಾಕಿದೆ. 30 ಡಿಗ್ರಿಯ 200 ಮಿಲಿಲೀಟರ್ ಮಜ್ಜಿಗೆಯನ್ನು 8 ಡಿಗ್ರಿಗೆ ಇಳಿಸಲು ಸುಮಾರು 50 ಗ್ರಾಂ ಐಸ್ ಬೇಕು. 18 ಜನಕ್ಕೆ ಎರಡೆರಡು ಲೋಟ ಅಂದರೆ 1.8 ಕೆಜಿ. ಕರಗಿ ಹೋಗುವುದನ್ನೂ ಸೇರಿಸಿದರೆ ಎರಡೂವರೆ ಕೆಜಿ ಇರಲಿ. ಮಷೀನ್ ಡಬ್ಬದ ಮೇಲೆ ದಿನಕ್ಕೆ 12 ಕೆಜಿ ಅಂತ ಬರೆದಿತ್ತು. ಆರಾಮಾಗಿ ಸಾಕು ಅನ್ನಿಸಿತು.

ಇಲ್ಲೇ ನಾನು ಎಡವಿದ್ದು. ನೀವೂ ಕೊಳ್ಳುವ ಯೋಚನೆಯಲ್ಲಿದ್ದರೆ ಸ್ವಲ್ಪ ಗಮನ ಕೊಡಿ. ದಿನಕ್ಕೆ 12 ಕೆಜಿ ಅಂದರೆ 24 ಗಂಟೆಯೂ ನಡೆದರೆ 12 ಕೆಜಿ. ಗಂಟೆಗೆ ಸಿಗೋದು ಅರ್ಧ ಕೆಜಿ ಮಾತ್ರ. ಅದೂ ತಂಪಾದ ಕೋಣೆಯಲ್ಲಿ, ತಣ್ಣನೆಯ ನೀರು ಹಾಕಿದರೆ. ನಮ್ಮ ಅಡುಗೆಮನೆಯ ಸೆಕೆಯಲ್ಲಿ ಒಂದು ಸಲಕ್ಕೆ 9 ತುಂಡು ಬೀಳಲು ಹೆಚ್ಚು ಕಡಿಮೆ ಕಾಲು ಗಂಟೆ ಹಿಡಿಯಿತು. ಐಸ್ ಮೇಕರ್ ನೀರಿನ ಶಾಖವನ್ನು ತೆಗೆದು ಕೋಣೆಗೇ ಬಿಡುತ್ತದೆ. ಕೋಣೆಯೇ ಕುದಿಯುತ್ತಿದ್ದರೆ ಪಾಪ ಅದಾದರೂ ಏನು ಮಾಡೀತು? ಗೋಡೆಗೆ ಒತ್ತಿ ಇಟ್ಟಿದ್ದೆ, ಅದೂ ತಪ್ಪು. ಗಾಳಿ ಆಡಲು ಸುತ್ತ ಒಂದು ಗೇಣು ಜಾಗ ಬೇಕು.

ಎರಡನೇ ಪಾಠ, ಇದು ಫ್ರೀಜರ್ ಅಲ್ಲ. ಒಳಗಿನ ಬುಟ್ಟಿ ತಂಪಾಗಿರುವುದಿಲ್ಲ. ಬಿದ್ದ ಐಸ್ ಅಲ್ಲೇ ಕರಗಿ ಮತ್ತೆ ಟ್ಯಾಂಕಿಗೆ ಸೇರುತ್ತದೆ, ಅದೇ ನೀರು ಮತ್ತೆ ಐಸ್ ಆಗುತ್ತದೆ. ನಡುವೆ ತೂತಿರುವ ಈ ತುಂಡುಗಳು ಫ್ರೀಜರಿನ ಗಟ್ಟಿ ಐಸಿಗಿಂತ ಬೇಗ ಕರಗುತ್ತವೆ ಕೂಡ. ಬುಟ್ಟಿ ತುಂಬಿದರೆ ಮಷೀನ್ ನಿಲ್ಲುತ್ತದೆ, ನೀರು ಮುಗಿದರೆ ಬೀಪ್ ಬೀಪ್ ಅಂತ ಕೂಗುತ್ತದೆ. ಎರಡಕ್ಕೂ ಯಾರಾದರೂ ಎದ್ದು ಹೋಗಲೇಬೇಕು.

ಮಷೀನ್ ನೋಡಿದ ಅವ್ವನ ಮೊದಲ ಮಾತು, "ಇಷ್ಟ್ ರೊಕ್ಕ ಯಾಕ್ ಹಾಳ್ ಮಾಡ್ದಿ?" ಎರಡನೆಯದು, "ಇದಕ್ಕ ನೀರ್ ಯಾರ್ ಹಾಕ್ಬೇಕು?" ಇಡೀ ಖರೀದಿಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ನಾನು ವ್ಯಾಟ್, ಕೆಜಿ, ನಿಮಿಷ ಎಲ್ಲ ನೋಡಿದ್ದೆ. ಅದನ್ನು ಮಾತ್ರ ನೋಡಿರಲಿಲ್ಲ.

ಹಾಗಾಗಿ ಹಿಂದಿನ ರಾತ್ರಿಯೇ ಶುರು ಮಾಡಿದೆ. ಮಷೀನನ್ನು ಎಸಿ ಇರುವ ಕೋಣೆಗೆ ತಂದೆ. ಬಸ್ಸಿನಲ್ಲಿ ಅಡ್ಡಡ್ಡ ಬಂದಿದ್ದರಿಂದ ಮನೆಗೆ ತಂದ ದಿನ ಅದನ್ನು ನೆಟ್ಟಗೆ ನಿಲ್ಲಿಸಿ, ಕೆಲವು ಗಂಟೆ ಬಿಟ್ಟೇ ಪ್ಲಗ್ ಹಾಕಿದ್ದೆ. ಮೊದಲ ಎರಡು ಸಲದ ಐಸ್ ಚೆಲ್ಲಿದ್ದೆ. ನಮ್ಮ ಬೋರ್‌ವೆಲ್ ನೀರು ಗಡಸು, ಟ್ಯಾಂಕಿನಲ್ಲಿ ಬಿಳಿ ಪದರ ಕಟ್ಟುತ್ತದೆ. ಹಾಗಾಗಿ ಹಾಕಿದ್ದೆಲ್ಲ ಫಿಲ್ಟರ್ ನೀರೇ, ಅದೂ ಫ್ರಿಜ್ಜಿನಲ್ಲಿಟ್ಟದ್ದು. ರಾತ್ರಿ 8ರಿಂದ 12ರವರೆಗೆ ಬುಟ್ಟಿ ತುಂಬಿದಾಗೆಲ್ಲ ಸ್ಟೀಲ್ ಡಬ್ಬಿಗೆ ಸುರಿದು ಫ್ರೀಜರಿಗೆ ಹಾಕಿದೆ. ನಡುವೆ ಕರೆಂಟ್ ಹೋದರೂ ತೊಂದರೆ ಆಗಲಿಲ್ಲ. ಇದು ಎಳೆಯುವುದು 120 ವ್ಯಾಟ್ ಆಸುಪಾಸು, ನಮ್ಮ ಇನ್ವರ್ಟರ್ ತಡೆದುಕೊಂಡಿತು. ಬೆಳಗ್ಗೆ ಇನ್ನೆರಡು ಗಂಟೆ ನಡೆಸಿದೆ. ಎರಡೂವರೆ ಕೆಜಿ ಆಯಿತು.

ಹಬ್ಬದ ದಿನ ಮಧ್ಯಾಹ್ನ ದೊಡ್ಡವ್ವ, ಅವ್ವ ಇಬ್ಬರೂ ಕೂಲರ್ ಪಕ್ಕ ಚಾಪೆ ಮೇಲೆ ಕೂತರು. ಹತ್ತು ನಿಮಿಷ ಆಗಿರಲಿಲ್ಲ, ಒಳಗಿನಿಂದ ಬೀಪ್ ಬೀಪ್. ಇನ್ನಷ್ಟು ಇರಲಿ ಅಂತ ನಾನು ಮಷೀನ್ ಚಾಲೂ ಬಿಟ್ಟಿದ್ದೆ, ನೀರು ಮುಗಿದಿತ್ತು. ಅವ್ವ ಅಭ್ಯಾಸದಂತೆ ನೆಲಕ್ಕೆ ಕೈ ಊರಿದಳು. ದೊಡ್ಡವ್ವ ಅವಳ ಸೆರಗು ಹಿಡಿದು, "ಕೂಡವಾ ಸುಮ್ನ. ಗಂಡಸ್ರು ಅದಾರಲ್ಲ" ಅಂದಳು.

ನಾನು ಏಳುವ ಮೊದಲೇ ಅಪ್ಪ ಎದ್ದ. ನನಗೆ ನೆನಪಿರುವ ಮಟ್ಟಿಗೆ ಅಪ್ಪ ನೆಂಟರಿಗೆ ಒಂದು ಲೋಟ ನೀರು ತಂದುಕೊಟ್ಟವನಲ್ಲ. ಅಡುಗೆಮನೆಯಲ್ಲಿ ಲೋಟ ಎಲ್ಲಿರುತ್ತವೆ ಅಂತ ನನ್ನನ್ನೇ ಕೇಳಿದ. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಇಬ್ಬರೂ ಮೂರು ಕಪಾಟು ತೆಗೆದು ಹುಡುಕಿದೆವು. ಆಮೇಲೆ ಅಪ್ಪ ಐಸ್ ಹಾಕಿದ, ನಾನು ಮಜ್ಜಿಗೆ ಸುರಿದೆ, ತಂಗಿ ಹಂಚಿದಳು. ಒಂದು ಜಗ್ಗಿಗೆ ಉಪ್ಪು ಹಾಕುವುದು ಮರೆತೆವು. ಯಾರೂ ಕೇಳಲಿಲ್ಲ, ಕಾಕಾ ಒಬ್ಬ ಬಿಟ್ಟು.

ನಿಮಗೆ ಐಸ್ ಮೇಕರ್ ಬೇಕಾ? ವರ್ಷಕ್ಕೆ ಎರಡು ಸಲ ನೆಂಟರು ಬರುವ ಮನೆಯಾದರೆ ಬೇಡ ಅಂತಲೇ ಹೇಳುತ್ತೇನೆ. ಇನ್ನೂ ನಾಲ್ಕು ಟ್ರೇ ತನ್ನಿ, ಮೂರು ದಿನ ಮೊದಲೇ ಐಸ್ ಮಾಡಿ ಡಬ್ಬಿ ತುಂಬಿಡಿ, ಮುಗೀತು. ನಮ್ಮದು ಒಂದೇ ಬಾಗಿಲಿನ ಹಳೇ ಫ್ರಿಜ್. ಅದರ ಪುಟ್ಟ ಫ್ರೀಜರಿನಲ್ಲಿ ಎರಡು ಟ್ರೇಗಿಂತ ಹೆಚ್ಚು ಇಡಲು ಆಗುವುದಿಲ್ಲ. ಬೇಸಿಗೆ ಮುಗಿಯುವ ತನಕ ದಿನಾ ಯಾರಾದರೂ ಬರುತ್ತಾರೆ. ಅದಕ್ಕೇ ನಮಗೆ ಉಪಯೋಗಕ್ಕೆ ಬಂತು. ತಂದರೆ, ಬಳಸಿದ ಮೇಲೆ ಟ್ಯಾಂಕಿನ ನೀರು ಪೂರ್ತಿ ಬಸಿದು ಒಣಗಿಸಿ, ಆಗಾಗ ನಿಂಬೆ ಉಪ್ಪು ಕಲಸಿದ ನೀರಿನಿಂದ ತೊಳೆಯಿರಿ. ಮತ್ತೆ, ಅದು ಕೂಗಿದಾಗ ಯಾರು ಏಳಬೇಕು ಅನ್ನೋದನ್ನ ಕೊಳ್ಳುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ಸಂಜೆ ಲೋಟ ತೆಗೆಯಲು ಹೋದೆ. ಚಾಪೆ ಪಕ್ಕ ಎರಡು ಲೋಟ ತುಂಬಿದ್ದವು ತುಂಬಿದ ಹಾಗೇ ಇದ್ದವು. ಐಸ್ ಪೂರ್ತಿ ಕರಗಿ ಮಜ್ಜಿಗೆ ನೀರಾಗಿತ್ತು. ದೊಡ್ಡವ್ವ ದೊಡ್ಡಪ್ಪನ ಕೊನೆಯ ದಿನಗಳ ಬಗ್ಗೆ ಹೇಳುತ್ತಿದ್ದಳು. ಅವ್ವ ಅವಳ ಕೈ ಹಿಡಿದುಕೊಂಡು ಕೇಳುತ್ತಿದ್ದಳು. ನಾನು ಲೋಟ ಮುಟ್ಟದೆ ವಾಪಸ್ ಬಂದೆ.