ಕಮತಗಿಯ ದಾರಿಯಲ್ಲಿ ಮೆತ್ತಗಾದ ಬ್ರೇಕ್

ಬಾಗಲಕೋಟೆಯಿಂದ ಹುನಗುಂದದ ಕಡೆಗೆ ಹೊರಟರೆ ಅಮೀನಗಡಕ್ಕಿಂತ ಮೊದಲು ಸಿಗುವ ಊರು ಕಮತಗಿ. ಐಹೊಳೆಯನ್ನು ಹಾದು ಬರುವ ಮಲಪ್ರಭೆ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮುಂಚೆ ಹರಿಯುವುದು ಈ ಸೀಮೆಯಲ್ಲೇ. ಇದು ನೇಕಾರರ ಊರು. ಗುಂಡಿಮಗ್ಗದ ಮುಂದೆ ಕುಳಿತವರ ಕೈ ಲಾಳಿಯ ಮೇಲೆ, ಕಾಲು ಗುಂಡಿಯೊಳಗಿನ ಪೆಡಲಿನ ಮೇಲೆ. ಪೆಡಲು ಕೊಂಚ ಸಡಿಲವಾದರೂ ಅವರು ಬಗ್ಗಿ ನೋಡಬೇಕಿಲ್ಲ, ಕಾಲಿಗೇ ಗೊತ್ತಾಗುತ್ತದೆ.

ಈ ರಸ್ತೆಯಲ್ಲಿ ಬಸ್ಸು, ಲಾರಿಗಳ ಜೊತೆಗೆ ಇಳಕಲ್ಲಿನ ಕೆಂಪು ಗ್ರಾನೈಟ್ ಹೊತ್ತ ವಾಹನಗಳು, ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುತ್ತವೆ. ಕುರಿ ಹಿಂಡು ಯಾವಾಗ ಅಡ್ಡ ಬರುತ್ತದೆಂದು ಹೇಳಲಾಗದು. ಬ್ರೇಕ್ ನಂಬಿಕೆಗೆ ತಕ್ಕುದಾಗಿರಲೇಬೇಕಾದ ದಾರಿಯಿದು.

ನಾದಿನಿಯ ನಿಕಾಹ್‌ಗೆ ಸೀರೆ ತರಲು ನಾವು ಇಳಕಲ್ಲಿಗೆ ಹೊರಟಿದ್ದೆವು. ಕಾರಿನಲ್ಲಿ ಅತ್ತೆ, ಇಬ್ಬರು ಮಕ್ಕಳು, ನಾನು. ಓಡಿಸುತ್ತಿದ್ದವನು ಮೈದುನ. ಕಮತಗಿ ಸಮೀಪಿಸುತ್ತಿದ್ದಂತೆ ಅವನು, “ಭಾಭೀ, ಬ್ರೇಕ್ ಸ್ಪಂಜ್ ಒತ್ತಿದ ಹಾಗಿದೆ. ಎರಡು ಸಲ ಒತ್ತಿದರೆ ಹಿಡಿಯುತ್ತದೆ. ಇಳಕಲ್ ಮುಟ್ಟಿ ತೋರಿಸೋಣ” ಎಂದ. ಹಿಂದಿನ ಸೀಟಿನಿಂದ ಅತ್ತೆ, “ಎರಡನೇ ಸಲ ಒತ್ತೋ ತನಕ ಎದುರಿನ ಲಾರಿ ಕಾಯ್ತದೇನು? ಇಲ್ಲೇ ನಿಲ್ಲಿಸು” ಎಂದರು. ಕಾರು ನಿಂತಿತು. ರಸ್ತೆ ಬದಿಯ ಸಣ್ಣ ಗ್ಯಾರೇಜಿನ ವಯಸ್ಸಾದ ಮೆಕ್ಯಾನಿಕ್ ಎದ್ದು ಬಂದರು.

ಬ್ರೇಕ್ ಮೆತ್ತಗಾಗುವುದು ಏಕೆ? ನಾವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಎಂಬ ಭಾಗ ಬ್ರೇಕ್ ಆಯಿಲನ್ನು ಸಣ್ಣ ಪೈಪುಗಳ ಮೂಲಕ ನಾಲ್ಕೂ ಚಕ್ರಗಳ ಕಡೆಗೆ ದೂಡುತ್ತದೆ. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಬಂದ ಈ ವಿಧಾನ ಈಗ ಎಲ್ಲ ಕಾರುಗಳಲ್ಲೂ ಇದೆ. ದ್ರವವನ್ನು ಒತ್ತಿ ಕುಗ್ಗಿಸುವುದು ಬಲು ಕಷ್ಟ. ಆದ್ದರಿಂದಲೇ ಕಾಲಿನ ಬಲ ಪೂರ್ತಿಯಾಗಿ ಚಕ್ರ ಮುಟ್ಟುತ್ತದೆ. ಪೈಪಿನೊಳಗೆ ಗಾಳಿ ಸೇರಿದರೆ ಹಾಗಲ್ಲ. ಗಾಳಿ ಕುಗ್ಗುತ್ತದೆ. ನಮ್ಮ ಬಲ ಅದನ್ನು ಕುಗ್ಗಿಸುವುದರಲ್ಲೇ ಕಳೆದುಹೋಗುತ್ತದೆ.

ಮೆಕ್ಯಾನಿಕ್ ಮೊದಲು ಇಂಜಿನ್ ಬಂದ್ ಮಾಡಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿದರು. ಗಟ್ಟಿಯಾಯಿತು. ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಮತ್ತೆ ಮೆತ್ತಗೆ. “ಒಳಗ ಗಾಳಿ ಹೊಕ್ಕೈತ್ರಿ” ಎಂದರು. ನಂತರ ಕಾಲನ್ನು ಒತ್ತಿಯೇ ಹಿಡಿದರು. ಹಾಗೆ ಹಿಡಿದಾಗ, ಎಲ್ಲೂ ಆಯಿಲ್ ಸೋರದಿದ್ದರೂ ಪೆಡಲ್ ನಿಧಾನವಾಗಿ ಕೆಳಗಿಳಿದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿದೆಯೆಂದು ಅನುಮಾನಿಸಬೇಕಂತೆ. ನಮ್ಮದು ಹಾಗೆ ಇಳಿಯಲಿಲ್ಲ. ಬಾನೆಟ್ ತೆರೆದರೆ ಆಯಿಲ್ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತಲೂ ಇಳಿದಿತ್ತು. ಹೋದ ಆಯಿಲ್ ಎಲ್ಲಿ? ಹಿಂದಿನ ಎಡ ಚಕ್ರದ ಒಳಬದಿ ಒದ್ದೆಯಾಗಿತ್ತು. ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರ್ ಸೋರಿ ಬ್ರೇಕ್ ಶೂಗಳು ಆಯಿಲಿನಲ್ಲಿ ನೆನೆದಿದ್ದವು.

ಬಾಗಲಕೋಟೆಯಿಂದ ಹೊಸ ಸಿಲಿಂಡರ್ ಬಂತು. ಆಯಿಲ್ ಕುಡಿದ ಶೂಗಳನ್ನು ಒರೆಸಿ ಹಾಕುವಂತಿಲ್ಲ, ಒಂದೇ ಚಕ್ರಕ್ಕೆ ಬದಲಿಸಿದರೂ ಕಾರು ಒಂದು ಕಡೆಗೆ ಎಳೆಯಬಹುದು. ಆದ್ದರಿಂದ ಎರಡೂ ಹಿಂದಿನ ಚಕ್ರಗಳಿಗೆ ಹೊಸ ಶೂ ಬಂದವು. ಆಮೇಲೆ ಏರ್ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕು. ಮೈದುನ ಮಕ್ಕಳಿಗೆ ನೀರು ತರಲು ಹೋಗಿದ್ದ. “ಅಕ್ಕಾರ, ನೀವ ಕುಂದರ್ರಿ. ಒತ್ತು ಅಂದ್ರ ಒತ್ರಿ, ನಾ ಹೇಳೂತನಕ ಕಾಲು ತೆಗೀಬ್ಯಾಡ್ರಿ” ಎಂದರು.

ನಾನು ಒತ್ತಿ ಹಿಡಿಯುತ್ತಿದ್ದೆ. ಅವರು ಚಕ್ರದ ಹಿಂದಿನ ಸಣ್ಣ ನಿಪ್ಪಲನ್ನು ಸಡಿಲಿಸುತ್ತಿದ್ದರು. ಅದಕ್ಕೆ ಸಿಕ್ಕಿಸಿದ ಪಾರದರ್ಶಕ ಕೊಳವೆಯ ಇನ್ನೊಂದು ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿತ್ತು. ಗುಳ್ಳೆಗಳು ಹೊರಬರುತ್ತಿದ್ದವು. ನಿಪ್ಪಲ್ ಬಿಗಿದ ಮೇಲಷ್ಟೇ “ಬಿಡ್ರಿ” ಎನ್ನುತ್ತಿದ್ದರು. ಮೊದಲೇ ಕಾಲೆತ್ತಿದರೆ ಗಾಳಿ ಮತ್ತೆ ಒಳಗೆ ಸೇರುತ್ತದೆ. ನಡುನಡುವೆ ಡಬ್ಬಿ ಬರಿದಾಗದಂತೆ ಹೊಸ ಆಯಿಲ್ ಸುರಿದರು. ಗುಳ್ಳೆ ನಿಂತಿತು. ಕಾಲಡಿ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಿದ ಮೇಲೆಯೇ ನಮ್ಮನ್ನು ಬಿಟ್ಟರು.

ಓದುಗ ಸಹೋದರಿಯರೇ, ಇಂದು ನಮ್ಮಲ್ಲಿ ಎಷ್ಟೋ ಮಂದಿ ಕಾರು ಓಡಿಸುತ್ತೇವೆ. ಓಡಿಸದವರೂ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಪ್ರಯಾಣ ಮಾಡುತ್ತೇವೆ. ಕೆಲವು ಮಾತು ನೆನಪಿರಲಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯಬಹುದು. ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಕಾದು ಅದು ಕುದಿದರೆ ಆವಿಯ ಗುಳ್ಳೆಗಳಿಂದಲೂ ಪೆಡಲ್ ಮೆತ್ತಗಾಗುತ್ತದೆ. ಆದ್ದರಿಂದ ಕಾರಿನ ಕೈಪಿಡಿ ಹೇಳಿದ ಅವಧಿಗೆ, ಹೇಳಿದ ದರ್ಜೆಯ ಆಯಿಲನ್ನೇ ಬದಲಿಸಿ. ಅದರ ಜಾಗದಲ್ಲಿ ಇಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರುಗಳೆಲ್ಲ ಹಾಳಾಗುತ್ತವೆ. ಈ ಆಯಿಲ್ ವಿಷ, ಬಣ್ಣವನ್ನೂ ತಿನ್ನುತ್ತದೆ. ಮಕ್ಕಳ ಕೈಗೆ ಸಿಗದಿರಲಿ. ಎಬಿಎಸ್ ಇರುವ ಕೆಲವು ಕಾರುಗಳಲ್ಲಿ ಗಾಳಿ ತೆಗೆಯಲು ಕಂಪ್ಯೂಟರ್ ಉಪಕರಣವೂ ಬೇಕಾಗುತ್ತದೆ.

ಓಡುತ್ತಿರುವಾಗಲೇ ಪೆಡಲ್ ಕುಸಿದರೆ ಬೇಗಬೇಗ ಒತ್ತುತ್ತಾ, ಗೇರ್ ಒಂದೊಂದಾಗಿ ಇಳಿಸುತ್ತಾ, ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಎಳೆಯದೆ ಮೆಲ್ಲಗೆ ಎಳೆಯುತ್ತಾ ಬದಿಗೆ ನಿಲ್ಲಿಸಬೇಕು.

ಹೊರಡುವ ಮುಂಚೆ ಪೆಡಲನ್ನೊಮ್ಮೆ ಒತ್ತಿ ನೋಡಲು ಅರ್ಧ ನಿಮಿಷ ಸಾಕು. ಒತ್ತಿ ಹಿಡಿದು ಇಂಜಿನ್ ಚಾಲೂ ಮಾಡಿದಾಗ ಪೆಡಲ್ ತುಸು ಇಳಿದು ನಿಂತರೆ ಹೆದರಬೇಕಿಲ್ಲ, ಅದು ಸಹಜ. ಮೆತ್ತಗೆನಿಸಿದರೆ ಮಾತ್ರ, ಓಡಿಸುವವರು ಯಾರೇ ಇರಲಿ, ಎಷ್ಟೇ ಅವಸರವಿರಲಿ, “ನಿಲ್ಲಿಸಿ” ಎನ್ನಲು ಸಂಕೋಚ ಬೇಡ. ಆ ಮಾತು ಹಿಂದಿನ ಸೀಟಿನಿಂದ ಬಂದರೂ ಸರಿ.