ಗರಿಕೆ ಉಳಿಯಿತು, ಮೇವು ಹೋಯಿತು

ಕಾರ್ಖಾನೆಯಿಂದ ನಿವೃತ್ತನಾದ ಮೇಲೆ, ಭದ್ರಾವತಿ ಪಕ್ಕದ ಊರಿನಲ್ಲಿ ಭದ್ರಾ ನಾಲೆಯ ಮಗ್ಗುಲಿಗಿರುವ ಹತ್ತು ಗುಂಟೆಯಲ್ಲಿ ಕೃಷಿ ಮಾಡುವ ಹುಚ್ಚು ನನಗೆ ಹತ್ತಿತು. ಮನೆಯಲ್ಲಿ ಎರಡು ಹಸು. ಹಾಲಿನ ದುಡ್ಡೆಲ್ಲ ಹಿಂಡಿ-ಬೂಸಾಕ್ಕೇ ಸರಿಹೋಗುತ್ತದೆ ಎಂಬುದು ನನ್ನಾಕೆಯ ದೂರು. ದ್ವಿದಳ ಮೇವು ಬೆಳೆದರೆ ಹಿಂಡಿಯ ಖರ್ಚು ತಗ್ಗುತ್ತದೆಂದು ಎಲ್ಲೋ ಓದಿದ್ದೆ. ಸರಿ, ಸ್ಟೈಲೋ ಬೀಜ ತಂದು, ಅದರ ಗಟ್ಟಿ ಸಿಪ್ಪೆ ಮೆತ್ತಗಾಗಲೆಂದು ಬಿಸಿನೀರಿನಲ್ಲಿ ಅದ್ದಿ ತೆಗೆದು, ಜೂನ್ ಮಳೆಗೆ ಬಿತ್ತಿದೆ.

ಸ್ಟೈಲೋ ಮೊದಮೊದಲು ಬಲು ಸೋಮಾರಿ. ಅದು ಬೆರಳುದ್ದ ಏಳುವಷ್ಟರಲ್ಲಿ ಕಾಂಗ್ರೆಸ್ ಗಿಡ ಮೊಣಕಾಲು ಮುಟ್ಟಿತ್ತು. ಪಕ್ಕದ ಗದ್ದೆಯವರು, "ಕೀಳ್ತಾ ಕೂತ್ರೆ ಮುಗಿಯೋದಲ್ಲ ಸ್ವಾಮಿ. ನಮ್ಮ ಗದ್ದೆ ಔಷಧಿ ಉಳಿದಿದೆ, ಹೊಡೀರಿ" ಎಂದು ಡಬ್ಬಿಯ ಜೊತೆಗೆ ಸ್ಪ್ರೇಯರನ್ನೂ ಕೊಟ್ಟರು.

ಎರಡೇ ದಿನಕ್ಕೆ ಕಾಂಗ್ರೆಸ್ ಗಿಡ ತಿರುಚಿಕೊಂಡಿತು. ಹಿಗ್ಗಿನಿಂದ ಬಾಗಿ ನೋಡಿದರೆ, ಬುಡದಲ್ಲಿದ್ದ ಸ್ಟೈಲೋ ಕೂಡ ಸುರುಟಿ ಮಲಗಿದೆ! ಗರಿಕೆ ಮಾತ್ರ ಏನೂ ಆಗದವರ ಹಾಗೆ ಹಸಿರಾಗಿ ನಿಂತಿತ್ತು.

ಅದೇ ಸಂಜೆ ನನ್ನಾಕೆ ಆ ಗರಿಕೆಯನ್ನೇ ಕೊಯ್ದು ಗೌರಿಯ ಮುಂದೆ ಹಾಕುವುದರಲ್ಲಿದ್ದಳು. ಓಡಿಹೋಗಿ ಕಸಿದುಕೊಂಡೆ.

"ಹುಲ್ಲು ಚೆನ್ನಾಗೇ ಇದೆಯಲ್ರೀ?"

ಚೆನ್ನಾಗಿ ಕಾಣುವುದೇ ಅದರ ಮೋಸ. ನಮ್ಮ ಹಾಲು ಸೊಸೈಟಿಗೆ, ಅಲ್ಲಿಂದ ಮಾಚೇನಹಳ್ಳಿ ಡೇರಿಗೆ ಹೋಗುವಂಥದ್ದು. ಕೊನೆಗೆ ಯಾರ ಮನೆಯ ಮಗುವಿನ ಲೋಟಕ್ಕೋ?

ಮರುದಿನ ಡಬ್ಬಿ ಹಿಡಿದುಕೊಂಡು ಶಿವಮೊಗ್ಗದ ಬಸ್ಸು ಹತ್ತಿ, ನವಿಲೆಯ ಕೃಷಿ ಕಾಲೇಜಿಗೆ ಹೋದೆ. ಅಲ್ಲಿನ ಅಧ್ಯಾಪಕರೊಬ್ಬರು ಡಬ್ಬಿ ನೋಡಿ ನಕ್ಕರು. "ಇದು ಟು-ಫೋರ್-ಡಿ ಸಾರ್. ಅಗಲ ಎಲೆಯ ಗಿಡ ಕೊಲ್ಲುತ್ತೆ, ಹುಲ್ಲಿನ ಜಾತಿ ಬಿಡುತ್ತೆ. ಭತ್ತವೂ ಹುಲ್ಲಿನ ಜಾತಿಯೇ, ಅದಕ್ಕೇ ಉಳಿಯುತ್ತೆ. ನಿಮ್ಮ ಸ್ಟೈಲೋ ಅಗಲ ಎಲೆಯದು. ಆ ಸ್ಪ್ರೇಯರ್‌ನ ತಳದಲ್ಲಿ ತುಸು ಉಳಿದಿದ್ದರೂ ಅಲಸಂದೆ, ಅವರೆ ಎಲ್ಲ ಸುರುಟಿಕೊಳ್ಳುತ್ತೆ."

ಯಾವುದು ಬೆಳೆ, ಯಾವುದು ಕಳೆ ಎಂಬುದು ನಮ್ಮ ಲೆಕ್ಕ. ಔಷಧಿಗೆ ಗೊತ್ತಿರುವುದು ಗಿಡದ ಜಾತಿ ಮಾತ್ರ!

ಮರುವರ್ಷ ಮೊದಲ ಮಳೆಗೇ ಬಿತ್ತಲಿಲ್ಲ. ಕಳೆ ಹುಟ್ಟಲು ಬಿಟ್ಟು ಕುಂಟೆ ಹೊಡೆಸಿದೆ. ಮತ್ತೆ ಹುಟ್ಟಿದ್ದನ್ನೂ ಕೆಡವಿಸಿ ಆಮೇಲೆ ಸಾಲುಬಿತ್ತನೆ. ನಡುವೆ ಎರಡು ಸಲ ಕೈಯಲ್ಲೇ ಕಳೆ ತೆಗೆದೆವು. ಹತ್ತು ಗುಂಟೆಗೆ ಅಷ್ಟು ಸಾಕಾಯಿತು. ಹೆಚ್ಚು ಜಮೀನಿದ್ದವರಿಗೆ ಔಷಧಿ ಬೇಕಾದೀತು. ಆದರೆ ಡಬ್ಬಿಯ ಮೇಲೆ ತಮ್ಮ ಬೆಳೆಯ ಹೆಸರಿದೆಯೇ, ಬಿತ್ತುವ ಮುಂಚೆ ಹೊಡೆಯುವುದೋ ಆಮೇಲೋ, ಎಷ್ಟು ದಿನ ದನ ಬಿಡಬಾರದು ಎಂಬುದನ್ನು ಓದಿಯೇ ಮುಚ್ಚಳ ತೆಗೆಯಬೇಕು.

ಈಗ ಸ್ಟೈಲೋ ಸೊಂಪಾಗಿದೆ. ಆದರೂ ಗೌರಿಯ ಮುಂದೆ ಹಾಕುವ ಮುನ್ನ ನನ್ನಾಕೆ ತಪ್ಪದೇ ಕೇಳುತ್ತಾಳೆ: "ರೀ, ಇದಕ್ಕೇನೂ ಹೊಡೆದಿಲ್ಲ ತಾನೇ?"